ಅಂಬೇಡ್ಕರ್ ಚಿತ್ರಪುಸ್ತಕ: ನೀರಿನ ಪುಟ ಇರಬೇಕೋ ಬೇಡವೋ?

ಕಥೆಕಟ್ಟುವಾಕೆ
ಎಲ್ಲರಿಗೂ ನಮಸ್ಕಾರ. ಆರರಿಂದ ಒಂಬತ್ತು ವರ್ಷದ ಮಕ್ಕಳಿಗೆ ಬಾಬಾಸಾಹೇಬ್ ಅಂಬೇಡ್ಕರ್ ಅವರ ಬದುಕಿನ ಚಿತ್ರಪುಸ್ತಕ ಬರೆಯುತ್ತಿದ್ದೇನೆ. 32 ಪುಟ. ಶೀರ್ಷಿಕೆ ಪುಟ, ಪ್ರಕಾಶನದ ವಿವರ, ಕೊನೆಯ ಟಿಪ್ಪಣಿ ಕಳೆದರೆ ಕಥೆಗೆ ಸಿಗುವುದು ಹದಿಮೂರೋ ಹದಿನಾಲ್ಕೋ ಜೋಡಿಪುಟ. ಒಂದೊಂದರಲ್ಲೂ ನಾಲ್ಕೈದು ಸಾಲು, ಅಷ್ಟೇ.

ಮೊದಲ ಕರಡಿನಲ್ಲಿ ಸಾತಾರಾ ಶಾಲೆಯ ಪುಟ ಇಟ್ಟಿದ್ದೇನೆ. ಹುಡುಗ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಒಂದು ಮೂಲೆಯಲ್ಲಿ ಕೂರುತ್ತಾನೆ. ಬಾಯಾರಿದರೆ ನಲ್ಲಿ ಮುಟ್ಟುವ ಹಾಗಿಲ್ಲ, ಜವಾನ ಬಂದು ತಿರುಗಿಸಬೇಕು. ಕರಡು ಓದಿದ ಇಬ್ಬರು ಹಿರಿಯರು ಈ ಪುಟ ತೆಗೆಯಿರಿ ಅಂದರು. "ಬಡ ಹುಡುಗ, ಕಷ್ಟಪಟ್ಟು ಓದಿದ, ವಿದೇಶಕ್ಕೆ ಹೋದ, ಸಂವಿಧಾನ ಬರೆದ, ಅಷ್ಟು ಸಾಕು. ಜಾತಿಯ ಮಾತು ಹೈಸ್ಕೂಲಿಗೆ ಬಂದ ಮೇಲೆ ಇರಲಿ" ಅಂತ.

ನನಗೆ ಇದು ಒಪ್ಪಿಗೆಯಿಲ್ಲ. ಆದರೆ ಅಷ್ಟು ಚಿಕ್ಕ ಮಕ್ಕಳಿಗೆ ಹೇಗೆ ಹೇಳುವುದು, ಎಷ್ಟು ಹೇಳುವುದು? ಮನೆಯಲ್ಲೋ ಶಾಲೆಯಲ್ಲೋ ಮಕ್ಕಳಿಗೆ ಇದನ್ನು ಹೇಳಿದವರು ದಯವಿಟ್ಟು ಬರೆಯಿರಿ.

ಇಬ್ಬರ ಅಮ್ಮ
ನಾನು ಆ ಹಿರಿಯರ ಕಡೆ ಸ್ವಲ್ಪ ವಾಲುತ್ತೇನೆ. ಚಿತ್ರಪುಸ್ತಕ ನಾವು ಓದುವುದು ಮಲಗುವ ಹೊತ್ತಿನಲ್ಲಿ. ನನ್ನ ಚಿಕ್ಕವಳಿಗೆ ಕಥೆಯಲ್ಲಿ ಯಾರಾದರೂ ಅತ್ತರೆ ಆಮೇಲೆ ನಿದ್ದೆ ಬರುವುದಿಲ್ಲ. ಅವಳಿಗೆ ಜಾತಿ ಅನ್ನುವ ಪದವೇ ಗೊತ್ತಿಲ್ಲ. ನಾವೇ ಯಾಕೆ ಕಲಿಸಬೇಕು?

ನೀಲಿ ಬಾವುಟ
ಅಕ್ಕಾ, ನಿಮ್ಮ ಮಗಳಿಗೆ ಆ ಪದ ಗೊತ್ತಿಲ್ಲ ಅಂದರೆ ಅದು ಅವಳ ಅದೃಷ್ಟ. ಅವಳ ಪಕ್ಕದ ಬೆಂಚಿನ ಮಗುವಿಗೆ ಗೊತ್ತಿರಬಹುದು. ನನಗೆ ಐದು ವರ್ಷಕ್ಕೇ ಗೊತ್ತಿತ್ತು, ಯಾವ ಪುಸ್ತಕವೂ ಕಲಿಸಬೇಕಾಗಿರಲಿಲ್ಲ. ಪುಸ್ತಕದಲ್ಲಿ ಆ ಪುಟ ಇದ್ದಿದ್ದರೆ ಇದು ನನ್ನೊಬ್ಬನಿಗೇ ಆದದ್ದಲ್ಲ ಅಂತಲಾದರೂ ತಿಳಿಯುತ್ತಿತ್ತು.

ಇನ್ನು "ಬಡ ಹುಡುಗ" ಅನ್ನುವ ಮಾತು. ಇದಕ್ಕೆ ನನ್ನ ದೊಡ್ಡ ತಕರಾರು. ತಂದೆ ರಾಮ್‌ಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರ್ ಆಗಿದ್ದವರು. ಶ್ರೀಮಂತರಲ್ಲ, ನಿಜ. ಆದರೆ ಭೀಮರಾವ್‌ಗೆ ಶಾಲೆಯಲ್ಲಿ ನೀರು ಸಿಗದಿದ್ದದ್ದು ಬಡತನದಿಂದ ಅಲ್ಲ. 1901ರ ಆ ಮಸೂರ್ ಪ್ರಯಾಣ ನೆನಪು ಮಾಡಿಕೊಳ್ಳಿ. ಮಕ್ಕಳು ಹೊಸ ಬಟ್ಟೆ, ಜರಿ ಟೋಪಿ ಹಾಕಿಕೊಂಡು ರೈಲಿನಲ್ಲಿ ಹೋಗಿದ್ದರು. ಕೈಯಲ್ಲಿ ದುಡ್ಡಿತ್ತು. ಬುತ್ತಿ ಇತ್ತು. ಗಾಡಿಗೆ ಎರಡರಷ್ಟು ಬಾಡಿಗೆ ಕೊಡುತ್ತೇವೆ ಅಂದರು. ಆದರೂ ರಾತ್ರಿಯಿಡೀ ಒಂದು ಗುಟುಕು ನೀರು ಸಿಗಲಿಲ್ಲ. "ಬಡ ಹುಡುಗ" ಅಂತ ಬರೆದರೆ ಮಗು ಏನು ತಿಳಿಯುತ್ತದೆ? ದುಡ್ಡು ಬಂದರೆ ಎಲ್ಲ ಸರಿಹೋಗುತ್ತದೆ ಅಂತ. ಅದು ಸುಳ್ಳು. ಮಕ್ಕಳಿಗೆ ಸುಳ್ಳು ಹೇಳಬಾರದು.

ರವೀಶ_ಓದುಗ
ನೀಲಿ ಬಾವುಟ ಅವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಮಸೂರ್ ಕಥೆ ಗೊತ್ತಿಲ್ಲದವರಿಗೆ ಯಾರಾದರೂ ಸ್ವಲ್ಪ ಬಿಡಿಸಿ ಹೇಳಿ.

ಹಳೇ ಪುಸ್ತಕ
ನಾನು ಹೇಳುತ್ತೇನೆ. ಇದನ್ನು ಅಂಬೇಡ್ಕರ್ ಅವರೇ "ವೇಟಿಂಗ್ ಫಾರ್ ಎ ವೀಸಾ" ಎಂಬ ಚಿಕ್ಕ ಆತ್ಮಕಥನದಲ್ಲಿ ಬರೆದಿದ್ದಾರೆ. ತಂದೆ ಗೋರೆಗಾಂವ್‌ನಲ್ಲಿ ಕೆಲಸದಲ್ಲಿದ್ದರು. ಬರಗಾಲದ ಪರಿಹಾರಕ್ಕೆ ಅಲ್ಲಿ ಸರಕಾರ ಕೆರೆ ತೋಡಿಸುತ್ತಿತ್ತು, ಅದರ ಕ್ಯಾಶಿಯರ್. ರಜೆಗೆ ಬನ್ನಿ ಅಂತ ಮಕ್ಕಳಿಗೆ ಕಾಗದ ಬರೆದರು. ಮಕ್ಕಳು ಮಸೂರ್ ಸ್ಟೇಷನ್‌ನಲ್ಲಿ ಇಳಿದರು. ಕರೆದೊಯ್ಯಲು ಯಾರೂ ಬರಲಿಲ್ಲ. ಸ್ಟೇಷನ್ ಮಾಸ್ಟರ್ ಮೊದಲು ಚೆನ್ನಾಗಿಯೇ ಮಾತಾಡಿಸಿದ. ನಾವು ಮಹಾರ್ (ಆಗ ಅಸ್ಪೃಶ್ಯರು ಅಂತ ದೂರ ಇಟ್ಟಿದ್ದ ಜಾತಿ) ಜನ ಅಂತ ಹುಡುಗ ಹೇಳಿದ ಕೂಡಲೇ ಅವನ ಮುಖ ಬದಲಾಯಿತು.

ಗಾಡಿಯವರು ಯಾರೂ ಕೂರಿಸಿಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಒಬ್ಬ, ನೀವೇ ಗಾಡಿ ಹೊಡೆಯಿರಿ, ನಾನು ಪಕ್ಕದಲ್ಲಿ ನಡೆದು ಬರುತ್ತೇನೆ ಅಂದ. ದಾರಿಯಲ್ಲಿ ಸುಂಕದ ಕಟ್ಟೆ. ಅಲ್ಲಿ ನೀರು ಕೇಳುವಾಗ ಮುಸಲ್ಮಾನರು ಅಂತ ಹೇಳಿಕೊಳ್ಳಿ ಎಂದು ಗಾಡಿಯವನೇ ಹೇಳಿಕೊಟ್ಟ. ಹುಡುಗ ಹಾಗೇ ಕೇಳಿದ. ಆದರೂ ಸುಂಕದವನು ಕೊಡಲಿಲ್ಲ. ಗೋರೆಗಾಂವ್ ಮುಟ್ಟಿದ್ದು ಮರುದಿನ. ತಂದೆಗೆ ಮಕ್ಕಳು ಬರುವ ವಿಷಯವೇ ತಿಳಿದಿರಲಿಲ್ಲ, ಕಾಗದ ಬಂದದ್ದನ್ನು ಆಳು ಹೇಳಲು ಮರೆತಿದ್ದ.

ಅದೇ ಬರಹದಲ್ಲಿ ಇನ್ನೊಂದು ವಿವರವಿದೆ. ಕ್ಷೌರಿಕರು ಅವರ ಕೂದಲು ಕತ್ತರಿಸುತ್ತಿರಲಿಲ್ಲ. ಅಕ್ಕನೇ ಮನೆಯಲ್ಲಿ ತಮ್ಮಂದಿರ ಕೂದಲು ಕತ್ತರಿಸಿ ಕತ್ತರಿಸಿ ಆ ಕೆಲಸದಲ್ಲಿ ಪಳಗಿದ್ದಳಂತೆ. ಶಾಲೆಯ ಪುಟಕ್ಕಿಂತ ಮೊದಲು ಈ ಅಕ್ಕನ ಪುಟ ಬರಲಿ ಅಂತ ನನ್ನ ಸಲಹೆ. ಪ್ರೀತಿಯೂ ಇದೆ, ಅನ್ಯಾಯವೂ ಇದೆ, ಯಾರೂ ಅಳುತ್ತಿಲ್ಲ.

ಬಣ್ಣದ ಡಬ್ಬಿ
ಅಕ್ಕನ ಪುಟ! ನಾನು ಚಿತ್ರ ಬಿಡಿಸುವವಳು. ಇಂಥ ಪುಟ ಸಿಕ್ಕರೆ ಬಿಡುವುದೇ ಇಲ್ಲ. ಅಂಗಳ, ಕತ್ತರಿ, ಹೆಗಲ ಮೇಲೆ ಬಟ್ಟೆ, ಸುಮ್ನೆ ಕೂರದ ತಮ್ಮ. ಮಗು ಮೊದಲು ಚಿತ್ರ ನೋಡಿ ನಗುತ್ತದೆ. ಆಮೇಲೆ "ಅಂಗಡಿಗೆ ಯಾಕೆ ಹೋಗಲಿಲ್ಲ?" ಅಂತ ತಾನೇ ಕೇಳುತ್ತದೆ. ಪ್ರಶ್ನೆ ಮಗುವಿನಿಂದಲೇ ಬರಬೇಕು.

ನಲ್ಲಿಯ ಪುಟದ ಬಗ್ಗೆ ಒಂದು ಮಾತು. ಇಂಥ ದೃಶ್ಯದಲ್ಲಿ ಕಲಾವಿದರು ಸಾಮಾನ್ಯವಾಗಿ ಹುಡುಗನ ಅಳುವ ಮುಖ ದೊಡ್ಡದಾಗಿ ಬಿಡಿಸುತ್ತಾರೆ. ಸುತ್ತಲಿನವರು ಬರೀ ನೆರಳು. ನಾನಾದರೆ ತಿರುಗಿಸಿ ಬಿಡಿಸುತ್ತೇನೆ. ಹುಡುಗನ ಕಣ್ಣಿನ ಎತ್ತರದಿಂದ ನೋಡಿದ ಹಾಗೆ. ಎದುರಿಗೆ ನಲ್ಲಿ. ನೀರು ಕುಡಿಯುತ್ತಿರುವ ಉಳಿದ ಮಕ್ಕಳು, ಅವರ ಮುಖ ಸ್ಪಷ್ಟವಾಗಿ. ನೋಡಿಯೂ ನೋಡದ ಹಾಗೆ ನಿಂತ ಮೇಷ್ಟ್ರು. ತಪ್ಪು ಮಾಡಿದವರಿಗೆ ಮುಖವಿಲ್ಲದಿದ್ದರೆ ಅದು ಮಳೆ ಬಂದ ಹಾಗೆ ತಾನಾಗಿ ಆಯಿತು ಅನ್ನಿಸಿಬಿಡುತ್ತದೆ.

ಕಥೆಕಟ್ಟುವಾಕೆ
ಡಬ್ಬಿಯವರೇ, ಇದು ತುಂಬಾ ಉಪಯೋಗಕ್ಕೆ ಬಂತು. ನನ್ನ ಕರಡಿನಲ್ಲಿ "ಆ ಕಾಲದಲ್ಲಿ ಕೆಲವರು ಹಾಗೆ ನಡೆದುಕೊಳ್ಳುತ್ತಿದ್ದರು" ಅಂತ ಒಂದು ಸಾಲಿದೆ. ಈಗ ಓದಿದರೆ ಸಾಲು ತೀರಾ ಸಪ್ಪೆ.

ನೀಲಿ ಬಾವುಟ
"ಕೆಲವರು" ಬೇಡ. "ಆ ಕಾಲದಲ್ಲಿ"ಯೂ ಬೇಡ.

ಒಂದನೇ ಕ್ಲಾಸ್ ಟೀಚರ್
ನಾನು ಪ್ರತಿ ಏಪ್ರಿಲ್ 14ರ ಆಸುಪಾಸಿನಲ್ಲಿ, ರಜೆ ಶುರುವಾಗುವ ಮೊದಲು, ಈ ಕಥೆ ಬಾಯಿಯಲ್ಲೇ ಹೇಳುತ್ತೇನೆ. ಮಕ್ಕಳು ಹೆದರುವುದಿಲ್ಲ. ಅವರಿಗೆ ಸಿಟ್ಟು ಬರುತ್ತದೆ. ಈ ವಯಸ್ಸಿನವರಿಗೆ ನ್ಯಾಯ ಅನ್ಯಾಯದ ಲೆಕ್ಕ ತುಂಬಾ ಚುರುಕು. ಪೆನ್ಸಿಲ್ ಹಂಚುವಾಗ ಒಂದು ಕಡಿಮೆಯಾದರೆ ಎಷ್ಟು ಗಲಾಟೆ ಮಾಡುತ್ತಾರೆ! ನೀರಿನ ಮಾತು ಬಂದ ಕೂಡಲೇ ಮೊದಲ ಪ್ರಶ್ನೆ, "ಮಿಸ್, ಅವನ ಫ್ರೆಂಡ್ಸ್ ಯಾಕೆ ಕೊಡಲಿಲ್ಲ?" ಎರಡನೇದು, "ಟೀಚರ್ ಯಾಕೆ ಸುಮ್ನಿದ್ದರು?" ಎರಡಕ್ಕೂ ನಾನು ನೇರ ಉತ್ತರ ಕೊಡುತ್ತೇನೆ. ದೊಡ್ಡವರು ಅವರಿಗೆ ಹಾಗೆ ಕಲಿಸಿದ್ದರು, ಅದು ತಪ್ಪು ಅಂತ.

ಎರಡು ಎಚ್ಚರಿಕೆ. ಒಂದು, ಓದಿ ಮುಗಿದ ಮೇಲೆ ತರಗತಿಯಲ್ಲಿ ಯಾವ ಮಗುವಿನ ಕಡೆಗೂ ಎಲ್ಲರೂ ತಿರುಗಿ ನೋಡುವ ಹಾಗೆ ಆಗಬಾರದು. "ನಮ್ಮಲ್ಲಿ ಯಾರು ಯಾರು" ಅನ್ನುವ ಚಟುವಟಿಕೆ ಪುಸ್ತಕದ ಹಿಂದೆ ಖಂಡಿತ ಹಾಕಬೇಡಿ. ಇನ್ನೊಂದು, ಪುಟ ತಿರುಗಿಸಿದರೆ ಆ ಹುಡುಗ ಏನಾದರೂ ಮಾಡುತ್ತಿರಬೇಕು. ಓದುತ್ತಿರಲಿ, ಕೇಳುತ್ತಿರಲಿ, ನಡೆಯುತ್ತಿರಲಿ. ಮೂರು ಜೋಡಿಪುಟ ಸತತವಾಗಿ ಅವಮಾನವೇ ಬಂದರೆ ಮಕ್ಕಳ ಮನಸ್ಸಿನಲ್ಲಿ ಅವರು "ಪಾಪದ ಹುಡುಗ" ಆಗಿ ಉಳಿದುಬಿಡುತ್ತಾರೆ. ಅವರು ನಾಯಕರು. ಅದು ಕಾಣಬೇಕು.

ಇಬ್ಬರ ಅಮ್ಮ
ಟೀಚರ್ ಹೇಳಿದ ಕೊನೆಯ ಮಾತು ನನಗೆ ಸರಿ ಅನ್ನಿಸಿತು. ದುಃಖದ ಪುಟ ಇದ್ದರೂ ಪರವಾಗಿಲ್ಲ, ಅಲ್ಲಿಗೇ ನಿಲ್ಲಿಸಬೇಡಿ. ರಾತ್ರಿ ಓದುವ ಬದಲು ಸಂಜೆ ಓದುತ್ತೇನೆ ಬಿಡಿ, ಮಾತಾಡಲು ಹೊತ್ತಿರುತ್ತದೆ.

ಕಾನೂನು ಓದಿದವ
ಒಂದು ಸಲಹೆ. ಪೂರ್ತಿ ಪುಸ್ತಕವನ್ನು ನೀರಿನ ಮೇಲೇ ಕಟ್ಟಬಾರದೇಕೆ? ನೀರಿನ ಪುಟ ಇರಬೇಕೋ ಬೇಡವೋ ಅನ್ನುವ ಪ್ರಶ್ನೆಯೇ ಆಗ ಏಳುವುದಿಲ್ಲ.

ಸಾತಾರಾದ ನಲ್ಲಿ. "ಜವಾನನಿಲ್ಲ ಅಂದರೆ ನೀರಿಲ್ಲ" ಅಂತ ಅವರೇ ಬರೆದಿದ್ದಾರೆ. ಆಮೇಲೆ ಮಸೂರ್ ಗಾಡಿಯ ರಾತ್ರಿ. ಆಮೇಲೆ ಕೊಂಕಣದ ಮಹಾಡ್ ಪಟ್ಟಣ. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಅಂತ ಬಾಂಬೆ ಶಾಸನ ಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಮಹಾಡ್ ಪುರಸಭೆಯೂ ಚೌದಾರ್ ಕೆರೆ ಎಲ್ಲರಿಗೂ ತೆರೆದಿದೆ ಅಂತ ಹೇಳಿತ್ತು. ಕಾಗದದಲ್ಲಿ ಮಾತ್ರ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದು ಹೋಗಿ ಆ ನೀರನ್ನು ಕೈಯಲ್ಲಿ ತೆಗೆದು ಕುಡಿದರು. ಜನರೂ ಕುಡಿದರು.

ಕೊನೆಗೆ ಸಂವಿಧಾನ. 15ನೇ ವಿಧಿಯ ಎರಡನೇ ಭಾಗ ತೆರೆದು ನೋಡಿ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಇವುಗಳನ್ನು ಬಳಸುವುದಕ್ಕೆ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದು ಅಂತ ಅಲ್ಲೇ ಬರೆದಿದೆ. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡುತ್ತದೆ. ಸಂವಿಧಾನ ಅಂದರೆ ಏನು ಅಂತ ಏಳು ವರ್ಷದ ಮಗುವಿಗೆ ಹೇಳುವುದು ಕಷ್ಟ. ಆದರೆ "ಈಗ ಯಾರೂ ಯಾರಿಗೂ ನೀರು ಬೇಡ ಅನ್ನುವ ಹಾಗಿಲ್ಲ ಅಂತ ದೇಶದ ಪುಸ್ತಕದಲ್ಲೇ ಬರೆದರು" ಅಂದರೆ ಅರ್ಥವಾಗುತ್ತದೆ.

ಕಥೆಕಟ್ಟುವಾಕೆ
ಇದನ್ನು ಓದಿ ಎದ್ದು ಓಡಾಡಿಬಿಟ್ಟೆ. ಹದಿಮೂರು ಜೋಡಿಪುಟಕ್ಕೆ ಸರಿಯಾಗಿ ಕೂರುತ್ತದೆ!

ಹಳೇ ಪುಸ್ತಕ
ಚೌದಾರ್ ಕೆರೆಯ ಕಥೆಯನ್ನು ನೀರು ಕುಡಿದ ಪುಟಕ್ಕೇ ನಿಲ್ಲಿಸಿದರೆ ಅರ್ಧ ಹೇಳಿದ ಹಾಗೆ. ಅದೇ ದಿನ ದೇವಸ್ಥಾನಕ್ಕೂ ನುಗ್ಗುತ್ತಾರೆ ಅಂತ ಗಾಳಿಸುದ್ದಿ ಹಬ್ಬಿ ಜನರ ಮೇಲೆ ಹಲ್ಲೆ ನಡೆಯಿತು. ಆಮೇಲೆ ಮೇಲ್ಜಾತಿಯವರು ಕೆರೆಯನ್ನು "ಶುದ್ಧ" ಮಾಡಿದರು. ಡಿಸೆಂಬರ್‌ನಲ್ಲಿ ಮತ್ತೆ ಸೇರಿದಾಗ ಕೋರ್ಟಿನ ತಡೆಯಾಜ್ಞೆ ಬಂದಿತ್ತು. ಅಂಬೇಡ್ಕರ್ ಕೆರೆಗೆ ಇಳಿಯದೆ ಕೇಸು ನಡೆಸಿದರು. ಬಾಂಬೆ ಹೈಕೋರ್ಟಿನ ತೀರ್ಪು ಅವರ ಪರವಾಗಿ ಬಂದದ್ದು 1937ರ ಮಾರ್ಚ್‌ನಲ್ಲಿ. ಹತ್ತು ವರ್ಷ!

ರವೀಶ_ಓದುಗ
ಮಕ್ಕಳ ಪುಸ್ತಕದಲ್ಲಿ ಕೋರ್ಟು ಕೇಸು ಯಾಕೆ ಸರ್? ನಿದ್ದೆ ಬರುತ್ತದೆ.

ಕಾನೂನು ಓದಿದವ
ಬರುವುದಿಲ್ಲ. ಒಂದೇ ಚಿತ್ರ ಸಾಕು. ಕೋರ್ಟಿನ ಮೆಟ್ಟಿಲು, ಹತ್ತು ವರ್ಷದ ಹತ್ತು ಕ್ಯಾಲೆಂಡರ್, ಕಂಕುಳಲ್ಲಿ ಕಡತ. ನಾಯಕ ಅಂದರೆ ವೇದಿಕೆ ಮೇಲೆ ಭಾಷಣ ಮಾಡುವವನು ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ಬಿಡದೆ ಹತ್ತು ವರ್ಷ ಕಾದು ಗೆದ್ದದ್ದನ್ನೂ ನೋಡಲಿ.

ಬಣ್ಣದ ಡಬ್ಬಿ
ಬಿಡಿಸಬಹುದು. ಮೊದಲ ಕ್ಯಾಲೆಂಡರಿನಲ್ಲಿ ಕೂದಲು ಕಪ್ಪು, ಕೊನೆಯದರಲ್ಲಿ ಸ್ವಲ್ಪ ಹಿಂದೆ ಸರಿದಿದೆ, ಕನ್ನಡಕ ದಪ್ಪವಾಗಿದೆ.

ಸುಮಾ_ಲೈಬ್ರರಿ
ದಯವಿಟ್ಟು ಬೀದಿ ದೀಪದ ಕೆಳಗೆ ಓದುವ ಹುಡುಗನ ಚಿತ್ರ ಮಾತ್ರ ಹಾಕಬೇಡಿ. ಯಾವ ಮಹನೀಯರ ಮಕ್ಕಳ ಪುಸ್ತಕ ತೆಗೆದರೂ ಅದೇ ದೀಪ, ಅದೇ ಕಂಬ. ಮುಂಬೈನ ಪರೇಲ್‌ನಲ್ಲಿ ಅವರು ಇದ್ದದ್ದು ಚಾಳಿನ ಒಂದೇ ಕೋಣೆಯ ಮನೆ. ಅಲ್ಲೇ ಅಡುಗೆ, ಅಲ್ಲೇ ನಿದ್ದೆ, ಅಲ್ಲೇ ಓದು. ಅದನ್ನೇ ಬಿಡಿಸಿದರೆ ಎಷ್ಟು ಚೆನ್ನ.

ಜೊತೆಗೆ 1907ರಲ್ಲಿ ಮೆಟ್ರಿಕ್ ಪಾಸಾದಾಗ ಕೇಳುಸ್ಕರ್ ಗುರುಗಳು ತಾವೇ ಬರೆದ ಬುದ್ಧನ ಜೀವನಚರಿತ್ರೆಯನ್ನು ಅವರಿಗೆ ಉಡುಗೊರೆ ಕೊಟ್ಟದ್ದು ಬಿಡಬೇಡಿ. ಸುಮಾರು ಐವತ್ತು ವರ್ಷದ ಮೇಲೆ, 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬೌದ್ಧ ಧರ್ಮ ಸ್ವೀಕರಿಸಿದರಲ್ಲ. ಪುಸ್ತಕಕ್ಕಾಗಿಯೇ ದಾದರ್‌ನಲ್ಲಿ ರಾಜಗೃಹ ಅಂತ ಮನೆ ಕಟ್ಟಿದವರು ಅವರು.

ಕರಾವಳಿ ಮಾಣಿ
ನನ್ನದೊಂದು ತಕರಾರು. "ಸಂವಿಧಾನ ಬರೆದರು" ಅಂತ ಒಂದೇ ಸಾಲಿನಲ್ಲಿ ಮುಗಿಸಿದರೆ ಮಕ್ಕಳು ಒಬ್ಬರೇ ಮೇಜಿನ ಮುಂದೆ ಕೂತು ಬರೆದರು ಅಂದುಕೊಳ್ಳುತ್ತಾರೆ. ಮೊದಲ ಕರಡು ಮಾಡಿದ್ದು ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್. ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು! ಕರಡು ಸಮಿತಿಯಲ್ಲಿ ಮೈಸೂರಿನ ದಿವಾನರಾಗಿದ್ದ ಎನ್. ಮಾಧವ ರಾವ್ ಕೂಡ ಇದ್ದರು. ಇವರ ಹೆಸರೂ ಬರಬೇಕು.

ನೀಲಿ ಬಾವುಟ
ಬಂತು ನೋಡಿ ಇದು. ಅಂಬೇಡ್ಕರ್ ಹೆಸರು ಬಂದ ಕಡೆ ಮಾತ್ರ "ಒಬ್ಬರೇ ಅಲ್ಲ" ಅಂತ ನೆನಪಾಗುತ್ತದೆ. ಬೇರೆ ನಾಯಕರ ಪುಸ್ತಕದಲ್ಲಿ "ಸ್ವಾತಂತ್ರ್ಯ ತಂದುಕೊಟ್ಟರು" ಅಂತ ಒಂದೇ ಸಾಲು ಇದ್ದರೆ ಯಾರೂ ಕೇಳುವುದಿಲ್ಲ.

ಕರಾವಳಿ ಮಾಣಿ
ನಾನು ಯಾರನ್ನೂ ಕಡಿಮೆ ಮಾಡುತ್ತಿಲ್ಲ ಮಾರಾಯ್ರೇ. ಇದ್ದದ್ದು ಹೇಳಿದೆ.

ಹಳೇ ಪುಸ್ತಕ
ಇಬ್ಬರ ಮಾತಿಗೂ ಉತ್ತರ ಸಂವಿಧಾನ ಸಭೆಯ ನಡಾವಳಿಯಲ್ಲೇ ಇದೆ. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ತಾವೇ ಬಿ.ಎನ್. ರಾವ್ ಅವರಿಗೂ ಕರಡು ಬರೆದ ಎಸ್.ಎನ್. ಮುಖರ್ಜಿ ಅವರಿಗೂ ಶ್ರೇಯಸ್ಸು ಕೊಟ್ಟಿದ್ದಾರೆ. ರಾವ್ ಅವರ ಕರಡಿನಲ್ಲಿ 243 ವಿಧಿಗಳಿದ್ದವು, ಕೊನೆಗೆ ಆದದ್ದು 395. ಅದಕ್ಕೂ ಒಂದು ವರ್ಷ ಮೊದಲೇ ಟಿ.ಟಿ. ಕೃಷ್ಣಮಾಚಾರಿ ಅದೇ ಸಭೆಯಲ್ಲಿ ಹೇಳಿದ್ದರು. ಏಳು ಜನರ ಸಮಿತಿಯಲ್ಲಿ ಒಬ್ಬರು ರಾಜೀನಾಮೆ ಕೊಟ್ಟರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಹೀಗೆ ಆಗಿ ಭಾರವೆಲ್ಲ ಅಂಬೇಡ್ಕರ್ ಮೇಲೆಯೇ ಬಿತ್ತು ಅಂತ.

ತಿದ್ದುಪಡಿಗಳೇ 7,635 ಬಂದಿದ್ದವು, ಸಭೆಯಲ್ಲಿ ಮಂಡನೆಯಾದದ್ದು 2,473. ಅವುಗಳಿಗೆ ಎದ್ದು ನಿಂತು ಉತ್ತರ ಕೊಡುವ ಕೆಲಸ ಮುಖ್ಯವಾಗಿ ಅವರ ಹೆಗಲಿಗೇ ಬಿತ್ತು. ಮಕ್ಕಳಿಗೆ ಅದೇ ಚಿತ್ರ ತೋರಿಸಿ. ತುಂಬಿದ ಸಭೆ, ನಾಲ್ಕೂ ಕಡೆಯಿಂದ ಎದ್ದ ಕೈಗಳು, ಮಧ್ಯೆ ನಿಂತು ಉತ್ತರಿಸುವ ಒಬ್ಬರು.

ಬಣ್ಣದ ಡಬ್ಬಿ
ಹಾಗಾದರೆ ಅವರೇ ಕೂತು ಸಂವಿಧಾನದ ಮೂಲ ಪ್ರತಿಯನ್ನು ಕೈಯಲ್ಲಿ ಬರೆಯುವ ಚಿತ್ರವನ್ನೂ ಬಿಡಬೇಕು. ಆ ಪ್ರತಿಯ ಅಕ್ಷರ ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಅವರದು, ಪುಟಗಳ ಅಲಂಕಾರ ನಂದಲಾಲ್ ಬೋಸ್ ಮತ್ತು ಶಾಂತಿನಿಕೇತನದ ಕಲಾವಿದರದು. ಕಲಾವಿದೆಯಾಗಿ ಇದನ್ನು ಹೇಳಲೇಬೇಕು.

ನೀಲಿ ಬಾವುಟ
ಸಭೆಯ ಚಿತ್ರ ಒಪ್ಪಿದೆ. ಎದ್ದು ನಿಂತವರು ಅವರೇ ಆಗಿರಬೇಕು, ಅಷ್ಟೇ.

ಗಿರಿಜಮ್ಮ
ಎಲ್ಲ ಸರಿ, ಬಾಬಾಸಾಹೇಬರ ಹೆಂಡತಿ ರಮಾಬಾಯಿ ಎಲ್ಲಿ? ಇಷ್ಟು ಹೊತ್ತು ಓದಿದೆ, ಒಬ್ಬರೂ ಆ ತಾಯಿಯ ಹೆಸರು ಎತ್ತಲಿಲ್ಲ. ಬಾಬಾಸಾಹೇಬರು ನ್ಯೂಯಾರ್ಕ್, ಲಂಡನ್ ಅಂತ ಓದುತ್ತಿದ್ದಾಗ ಇಲ್ಲಿ ಸಂಸಾರ ತೂಗಿಸಿದ್ದು ಯಾರು? ಹುಟ್ಟಿದ ಮಕ್ಕಳಲ್ಲಿ ಉಳಿದದ್ದು ಒಬ್ಬರೇ. ಪುಸ್ತಕದಲ್ಲಿ ಹೆಂಡತಿ ಬಾಗಿಲಲ್ಲಿ ನಿಂತು ಕೈ ಬೀಸುವ ಚಿತ್ರ ಹಾಕಿ ಮುಗಿಸಬೇಡಿ.

ಹೆಣ್ಣುಮಕ್ಕಳಿಗೆ ಆಸ್ತಿ, ವಿಚ್ಛೇದನದ ಹಕ್ಕು ಕೊಡುವ ಹಿಂದೂ ಕೋಡ್ ಬಿಲ್ ಮುಂದೆ ಹೋಗಲಿಲ್ಲ ಅಂತಲೂ ಬಾಬಾಸಾಹೇಬರು 1951ರಲ್ಲಿ ಮಂತ್ರಿ ಪದವಿ ಬಿಟ್ಟರು. ಓದುವ ಹೆಣ್ಣುಮಕ್ಕಳಿಗೆ ಇದು ಗೊತ್ತಾಗಬೇಕು.

ಕಥೆಕಟ್ಟುವಾಕೆ
ಗಿರಿಜಮ್ಮನವರೇ, ರಮಾಬಾಯಿಯವರಿಗೆ ಒಂದು ಪೂರ್ತಿ ಜೋಡಿಪುಟ ಕೊಡುತ್ತೇನೆ. ರಾಜೀನಾಮೆ ಮಾತ್ರ ಕಥೆಯೊಳಗೆ ಹಿಡಿಸುತ್ತಿಲ್ಲ. ಕೊನೆಯ ಟಿಪ್ಪಣಿಯಲ್ಲಿ ಇಡಲೇ?

ಗಿರಿಜಮ್ಮ
ಟಿಪ್ಪಣಿ ಮಕ್ಕಳು ಓದುವುದಿಲ್ಲಮ್ಮ. ಒಂದು ಸಾಲಾದರೂ ಒಳಗೆ ಬರಲಿ.

ಸುಮಾ_ಲೈಬ್ರರಿ
ಬಾಲಕನನ್ನು "ಅವನು" ಅಂತ ಬರೆಯುತ್ತೀರೋ "ಅವರು" ಅಂತಲೋ? ಇದೇ ಕಾರಣಕ್ಕೆ ಓದುಗರು ಪುಸ್ತಕ ವಾಪಸ್ ಕೊಟ್ಟದ್ದನ್ನು ನೋಡಿದ್ದೇನೆ.

ಒಂದನೇ ಕ್ಲಾಸ್ ಟೀಚರ್
ಮಕ್ಕಳಿಗೆ "ಅವನು" ಅಂದರೆ ಹತ್ತಿರ. ತಮ್ಮ ವಯಸ್ಸಿನವನು ಅನ್ನಿಸುತ್ತದೆ.

ನೀಲಿ ಬಾವುಟ
ನಮ್ಮ ಹಿರಿಯರನ್ನು ಊರಿನವರೆಲ್ಲ ಏಕವಚನದಲ್ಲೇ ಕೂಗುತ್ತಿದ್ದರು. ಮನೆಯಲ್ಲಿ ಬಾಬಾಸಾಹೇಬರನ್ನು ಯಾರೂ "ಅವನು" ಅನ್ನುವುದಿಲ್ಲ. ಶಾಲೆಯ ಪುಟಗಳಲ್ಲಿ "ಭೀಮ" ಅಂತ ಹೆಸರನ್ನೇ ಬಳಸಿ ವಾಕ್ಯ ಕಟ್ಟಿ, "ನೀರು ಕೇಳಿದ್ದು ಭೀಮ" ಅನ್ನುವ ಹಾಗೆ. ಅಮೆರಿಕದ ಹಡಗು ಹತ್ತಿದ ಪುಟದಿಂದ "ಅವರು".

ಕಥೆಕಟ್ಟುವಾಕೆ
ಹಡಗಿನ ಪುಟದಿಂದ ಬದಲಾಯಿಸುವುದು ಚೆನ್ನಾಗಿದೆ. 1913, ಬರೋಡಾ ಮಹಾರಾಜರ ವಿದ್ಯಾರ್ಥಿವೇತನ, ಕೊಲಂಬಿಯಾ ವಿಶ್ವವಿದ್ಯಾಲಯ. ಸರಿ, ಹಾಗೇ ಮಾಡುತ್ತೇನೆ.

ರವೀಶ_ಓದುಗ
ಮಾತುಕತೆ ಸೇರಿಸುತ್ತೀರಾ? "ಅಮ್ಮಾ, ನಾನು ದೊಡ್ಡವನಾದ ಮೇಲೆ..." ಅನ್ನುವ ಥರ?

ಹಳೇ ಪುಸ್ತಕ
ದಯವಿಟ್ಟು ಬೇಡ. ಅವರು ಸಣ್ಣವರಿದ್ದಾಗಲೇ ತಾಯಿ ಭೀಮಾಬಾಯಿ ತೀರಿಕೊಂಡಿದ್ದರು. ಹೀಗೆ ಕಟ್ಟಿದ ಮಾತನ್ನೇ ಆಮೇಲೆ ಭಾಷಣ ಸ್ಪರ್ಧೆಗಳಲ್ಲಿ ನಿಜ ಅಂತ ಹೇಳುತ್ತಾರೆ. ಅವರೇ ಬರೆದಿಟ್ಟ ಸಾಲುಗಳಿರುವಾಗ ನಾವು ಯಾಕೆ ಕಟ್ಟಬೇಕು?

ಬಣ್ಣದ ಡಬ್ಬಿ
ಮುಖಪುಟಕ್ಕೆ ನೀಲಿ ಕೋಟು, ಎತ್ತಿದ ಬೆರಳು ಬೇಕೇ ಬೇಕು ಅಂತ ಪ್ರಕಾಶಕರು ಕೇಳಬಹುದು. ಮಕ್ಕಳು ಪ್ರತಿಮೆ ನೋಡಿರುತ್ತಾರೆ, ಗುರುತು ಹಿಡಿಯುತ್ತಾರೆ ಅಂತ. ನನ್ನ ಆಯ್ಕೆ ಮಹಾಡ್. ಕೆರೆಯ ಮೆಟ್ಟಿಲು, ಬೊಗಸೆಯಲ್ಲಿ ನೀರು, ಹಿಂದೆ ಜನ. ಕೋಟು ಬೇಕಾದರೆ ಹಿಂಬದಿಗೆ ಹೋಗಲಿ.

ನೀಲಿ ಬಾವುಟ
ಕೋಟನ್ನು ಹಿಂದಕ್ಕೆ ತಳ್ಳಬೇಡಿ. ಆ ಕೋಟು ನಮಗೆ ಬರೀ ಬಟ್ಟೆಯಲ್ಲ. ಮುಟ್ಟಬೇಡ ಅಂದವರ ಎದುರಿಗೆ ಅವರು ಹಾಕಿಕೊಂಡು ನಿಂತದ್ದು ಅದು. ಮುಖಪುಟ ಮಹಾಡ್ ಆಗಲಿ, ಒಳಗೆ ಸಭೆಯ ಪುಟದಲ್ಲಿ ಕೋಟು ದೊಡ್ಡದಾಗಿ ಬರಲಿ.

ಬಣ್ಣದ ಡಬ್ಬಿ
ಆಗಲಿ. ಸಭೆಯ ಪುಟವನ್ನು ಉದ್ದುದ್ದ ತಿರುಗಿಸಿ ನೋಡುವ ಹಾಗೆ ಮಾಡಬಹುದು, ಅವರು ಪೂರ್ತಿ ಎತ್ತರದಲ್ಲಿ ಕಾಣುತ್ತಾರೆ.

ಇಬ್ಬರ ಅಮ್ಮ
ಕೊನೆಯ ಪುಟದಲ್ಲಿ ಏನಿರುತ್ತದೆ? 1956ರ ಡಿಸೆಂಬರ್ 6 ಬರುತ್ತದಾ?

ಕಥೆಕಟ್ಟುವಾಕೆ
ಕಥೆಯೊಳಗೆ ಇಲ್ಲ, ಕೊನೆಯ ಟಿಪ್ಪಣಿಯಲ್ಲಿ ಇಸವಿಗಳ ಜೊತೆ ಬರುತ್ತದೆ. ನಾಗಪುರದ ಪುಟದೊಂದಿಗೆ ಕಥೆ ಮುಗಿಯುತ್ತದೆ. ರಾಜೀನಾಮೆಯ ಸಾಲನ್ನು ಅದರ ಹಿಂದಿನ ಪುಟಕ್ಕೆ ಹಾಕಿ ನೋಡಿದೆ, ಹಿಡಿಸಿತು ಗಿರಿಜಮ್ಮನವರೇ. "ಹೆಣ್ಣುಮಕ್ಕಳಿಗೂ ಸಮಪಾಲು ಎಂದರು. ಉಳಿದವರು ತಡ ಮಾಡಿದರು. ಅವರು ಮಂತ್ರಿ ಕುರ್ಚಿ ಬಿಟ್ಟು ಎದ್ದರು."

ಗಿರಿಜಮ್ಮ
"ತಡ ಮಾಡಿದರು" ಅಲ್ಲ, "ತಡೆದರು" ಅಂತ ಬರೆಯಿರಿ.

ಒಂದನೇ ಕ್ಲಾಸ್ ಟೀಚರ್
ಎರಡನೇ ಕರಡು ಆದ ಮೇಲೆ ನನಗೆ ಕಳಿಸಿ, ಚಿತ್ರವಿಲ್ಲದಿದ್ದರೂ ಸರಿ. ಕ್ಲಾಸಿನಲ್ಲಿ ಓದಿ, ಮಕ್ಕಳು ಎಲ್ಲಿ ಪ್ರಶ್ನೆ ಕೇಳಿದರು, ಎಲ್ಲಿ ಆಚೀಚೆ ನೋಡಿದರು ಅಂತ ಪುಟದ ಪಕ್ಕದಲ್ಲೇ ಗುರುತು ಹಾಕಿ ಕೊಡುತ್ತೇನೆ. ಕೋರ್ಟಿನ ಪುಟಕ್ಕೆ ನಿದ್ದೆ ಬರುತ್ತದೋ ಇಲ್ಲವೋ ಅದೂ ತಿಳಿಯುತ್ತದೆ.